ಹಗ್ಗದ ಇನ್ನೊಂದು ತುದಿ

ಹುಮನಾಬಾದಿನ ಹೊರವಲಯದಲ್ಲಿ ಏಳುತ್ತಿರುವ ಸಣ್ಣ ಚರ್ಚು. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮುಂಬಾಗಿಲ ಅಟ್ಟಣಿಗೆಯ ಮೇಲೆ ನಿಂತ ಮುಕ್ತಾಬಾಯಿ, ತಾವೇ ಕೂರಿಸಿದ ಕೆಂಪು ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಇಳಿಸುತ್ತಿದ್ದಾರೆ. ಕೆಳಗೆ ನಿಂತು ಹಿಡಿಯುವವಳು ಸೊಸೆ ಮಯೂರಿ. ಕಟ್ಟುವಾಗ ಕಾಣದ ದಣಿವು ಬಿಚ್ಚುವಾಗ ಕಾಣುತ್ತದೆ.

ಮುಂಬಾಗಿಲಿನ ಈ ಚೂಪು ನೆತ್ತಿಯ ಕಮಾನಿಗೆ, ಎರಡೂ ಬದಿಯ ಬಾಗುಗಳನ್ನು ಮೇಲೆ ಬಿಗಿಯುವ ನಡುಗಲ್ಲು ಭಾನುವಾರದೊಳಗೆ ಕೂರಬೇಕು. ಇಲ್ಲದಿದ್ದರೆ ಕಲ್ಲಿನ ಗೊಡವೆಯೇ ಬೇಡ, ಬಾಗಿಲಿಗೂ ಕಿಟಕಿಗಳಿಗೂ ಕಾಂಕ್ರೀಟು ಹಾಕಿಬಿಡೋಣ ಎಂದು ಚರ್ಚಿನ ಸಮಿತಿ ಹೇಳಿಬಿಟ್ಟಿದೆ. ನಿನ್ನೆ ಕೂರಿಸಲು ಹೋದರೆ ಕಲ್ಲು ಕೂರಲಿಲ್ಲ. ಎಡಗಡೆಯ ಬಾಗು ಬಲಗಡೆಗಿಂತ ಬೆರಳಷ್ಟು ಬಿಗಿಯಾಗಿತ್ತು.

ಈ ಕಮಾನಿನ ನಕ್ಷೆ ಕಾಗದದಲ್ಲಿಲ್ಲ. ಸಾರಿಸಿದ ನೆಲದ ಮೇಲೆ, ಬಾಗಿಲಷ್ಟೇ ದೊಡ್ಡದಾಗಿ, ನೂಲಿನ ಹಗ್ಗ ಎಳೆದು ಸುಣ್ಣದಲ್ಲಿ ಬರೆಯುತ್ತಾರೆ. ಒಬ್ಬರು ಹಗ್ಗದ ಒಂದು ತುದಿಯನ್ನು ನೆಲಕ್ಕೊತ್ತಿ ಕೂರಬೇಕು. ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಸುತ್ತಬೇಕು. ಆ ಗೆರೆ ನೋಡಿಯೇ ಕಲ್ಲು ಕಡಿಯುವುದು. ಈ ಬಾಗಿಲ ಗೆರೆ ಬರೆದ ದಿನ, ಬಲಗಡೆಯದು ಮುಗಿಯುವಷ್ಟರಲ್ಲಿ ಮುಕ್ತಾಬಾಯಿ ಊರಿಗೆ ಮರಳುವ ದುಬಲಗುಂಡಿಯ ಬಸ್ಸಿನ ಹೊತ್ತಾಯಿತು. ಹಾಸಿಗೆ ಹಿಡಿದ ಗಂಡನಿಗೆ ರೊಟ್ಟಿ ಬಡಿಯಬೇಕು. ಹಗ್ಗ ಚರ್ಚಿನ ಅಂಗಳದಲ್ಲೇ ಉಳಿಯಿತು. ಮರುದಿನ ನಸುಕಿನಲ್ಲಿ ಬಂದು ಅದೇ ಹಗ್ಗದಿಂದ ಎಡಗಡೆಯದನ್ನು ಬರೆದರು.

“ರಾತ್ರಿಯೆಲ್ಲ ಇಬ್ಬನಿ ಕುಡದು ಗಿಡ್ಡ ಆಗಿತ್ರಿ ಹಗ್ಗ. ಕೈಗೆ ತಂಪ್ ಹತ್ತಿತ್ತು. ಆದ್ರ ತಲ್ಯಾಗ ನಮ್ಮನಿಯವರ ಗುಳಿಗಿ ಚಿಂತಿ ಇತ್ತು,” ಎಂದು ನೋಡಲು ಬಂದವರಿಗೆ ಹೇಳುತ್ತಾರೆ ಮುಕ್ತಾಬಾಯಿ.

ಗುತ್ತಿಗೆದಾರ ಶಿವರಾಜ ಬೈಕಿನಿಂದ ಇಳಿಯದೆಯೇ ಮೇಲೆ ನೋಡುತ್ತಾನೆ.

“ಏನಕ್ಕಾ, ಕಟ್ಟೂದು ಬಿಟ್ಟು ಕೀಳಾಕತ್ತಿ? ನಡುಗಲ್ಲು ಒಂಚೂರು ಕೆತ್ತಿ ಕೂಡ್ಸು. ಮ್ಯಾಲ ಸಿಮೆಂಟ್ ಗಿಲಾವ್ ಹೊಡದ್ರ ಯಾರಿಗ್ ಕಾಣ್ತದ?”

“ಕಾಣೂ ಮಾತಲ್ಲಪಾ. ಭಾರ ಒಂದ ಕಡಿ ಬೀಳ್ತದ. ಕೆಳಗ ಮಂದಿ ಓಡಾಡ್ತಾರ.”

“ಮತ್ತ ಭಾನುವಾರ?”

“ನೀ ಮಾತಾಡಸೂದು ಬಿಟ್ರ ಆಗ್ತದ.”

ಕಮಾನು ಕಟ್ಟುವುದನ್ನು ಬಸವಕಲ್ಯಾಣದ ಅಜೀಮುದ್ದೀನ್ ಉಸ್ತಾದರ ಹತ್ತಿರ ಕಲಿತವರು ಗಂಡ ಅಂಬಾದಾಸ. ಮುಕ್ತಾಬಾಯಿ ವರ್ಷಗಟ್ಟಲೆ ಹಗ್ಗದ ತುದಿ ಒತ್ತಿ ಕೂತವರು. “ಗೂಟ ಇದ್ದಂಗ ಇದ್ದೆ. ಅವರು ಸುತ್ತತಿದ್ರು, ನಾ ಕುಂತಲ್ಲೇ ಗೆರಿ ಹ್ಯಾಂಗ ಬರ್ತದ ನೋಡ್ತಿದ್ದೆ.” ಅಂಬಾದಾಸ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮುಕ್ತಾಬಾಯಿಯೇ ಸುತ್ತಬೇಕಾಯಿತು. ಊರು ಈಗಲೂ ‘ಅಂಬಾದಾಸನ ಕಮಾನು’ ಎಂದೇ ಹೇಳುತ್ತದೆ. ಅದನ್ನು ತಿದ್ದುವಷ್ಟು ತ್ರಾಣ ಮುಕ್ತಾಬಾಯಿಗೆ ಸಂಜೆಗೆ ಉಳಿದಿರುವುದಿಲ್ಲ.

ಕಳೆದ ವಾರ ಚರ್ಚಿನ ಪಾದ್ರಿ ಮೊಬೈಲಿನಲ್ಲಿ ಪರದೇಶದ ಹಳೆಯ ಮಹಾ ಚರ್ಚುಗಳನ್ನು ತೋರಿಸಿದರು. ನೂರಾರು ವರ್ಷಗಳ ಹಿಂದೆ ಅಲ್ಲಿನ ಮೇಸ್ತ್ರಿಗಳೂ ಹೀಗೇ ನೆಲದ ಮೇಲೆ ಬರೆಯುತ್ತಿದ್ದರು, ಜೀವಮಾನವಿಡೀ ಬೇರೆ ಯೋಚನೆಯೇ ಇಲ್ಲದೆ ಕಟ್ಟುತ್ತಿದ್ದರು ಎಂದರು. ಮುಕ್ತಾಬಾಯಿ ಬಹಳ ಹೊತ್ತು ನೋಡಿ ಕೇಳಿದರು: “ಅವರ ಮನ್ಯಾಗ ರೊಟ್ಟಿ ಯಾರ ಬಡೀತಿದ್ರು, ಪಾದ್ರಿ ಸಾಹೇಬ್ರ?” ಪಾದ್ರಿ ನಕ್ಕರು. ಮುಕ್ತಾಬಾಯಿ ನಗಲಿಲ್ಲ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು.

ಬಿಸಿಲಿಗೆ ಒಣಗಿಸಿದ ಹಗ್ಗದಿಂದ ಗೆರೆ ಮತ್ತೆ ಮೂಡುತ್ತದೆ. ಕಲ್ಲು ಮತ್ತೆ ಕಡಿಯುತ್ತಾರೆ. ಶನಿವಾರ ಮಧ್ಯಾಹ್ನ ನಡುಗಲ್ಲು ತನ್ನ ಜಾಗಕ್ಕೆ ಇಳಿದು ಕೂರುತ್ತದೆ. ಮುಕ್ತಾಬಾಯಿ ಮೇಲೆ ನೋಡುವುದಿಲ್ಲ, ಮೊಣಕಾಲು ಹಿಡಿದುಕೊಂಡು ಇಳಿಯುತ್ತಾರೆ.

ಇನ್ನು ಕಿಟಕಿಗಳಿವೆ. ಹಗ್ಗದ ಗಂಟನ್ನು ನೆಲಕ್ಕೊತ್ತಿ ಕೂತು, ಇನ್ನೊಂದು ತುದಿಯನ್ನು ಸೊಸೆಗೆ ಕೊಡುತ್ತಾರೆ. “ಬ್ಯಾರೆ ಏನೂ ಬ್ಯಾಡ್ರಿ ನನಗ. ಇನ್ನ ಮ್ಯಾಲ ಕುಂತು ಒತ್ತೂ ತುದಿ ನಂದಾದ್ರ ಸಾಕು.”

ಮಯೂರಿ ಸುತ್ತುವ ಮುನ್ನ ಹಗ್ಗವನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ, ತೇವ ಇದೆಯೇನೋ ಎಂದು.

“ಅದನ್ನ ನಾ ಹೇಳಿಕೊಟ್ಟಿಲ್ರಿ,” ಎಂದು ನೋಡುತ್ತಿದ್ದವರ ಕಡೆ ತಿರುಗಿ ಹೇಳುತ್ತಾರೆ ಮುಕ್ತಾಬಾಯಿ.