ಉಪ್ಪುಗಾಳಿಯ ತಲೆಗೆ ಕಟ್ಟಿದ ತಪ್ಪು

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪನ್ನು ಮಗುಚಿ ಒರೆಸುತ್ತಿದ್ದಾಗ ಅದರ ಸಂದಿಯಿಂದ ಒಂದು ಕುಚ್ಚಲಕ್ಕಿ ಕಾಳು ಮೇಜಿನ ಮೇಲೆ ಬಿತ್ತು. ಕಂಪ್ಯೂಟರಿನೊಳಗೆ ಅಕ್ಕಿ ಹೇಗೆ ಹೋಯಿತೆಂದು ನೀವು ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ, ಹಾಕಿದವಳು ನಾನೇ.

ಕಡಲ ಬದಿಯವರಾದ ನಮಗೆ ಒಂದು ಅಭ್ಯಾಸ. ಏನು ಕೆಟ್ಟರೂ ಉಪ್ಪುಗಾಳಿಯನ್ನು ದೂರುತ್ತೇವೆ. ಬಿಜೂರಿನ ನಮ್ಮ ಮನೆಯ ಗೇಟು ತುಕ್ಕು ಹಿಡಿದದ್ದಕ್ಕೂ ಅದೇ ಕಾರಣ, ಮಿಕ್ಸಿ ಸುಟ್ಟದ್ದಕ್ಕೂ ಅದೇ. ನಮ್ಮ ಯಜಮಾನರು ತಮ್ಮ ಮಂಡಿನೋವಿಗೂ ಅದನ್ನೇ ಹೇಳುತ್ತಾರೆ.

ಮೂರು ವರ್ಷದ ಹಿಂದಿನ ಮಾತು. ಬೈಂದೂರಿನಲ್ಲಿ ಮದುವೆ ಕಾಗದ ಮಾಡಿಕೊಡುವ ಡಿಟಿಪಿ ಅಂಗಡಿ ನನ್ನದಿತ್ತು. ಕರೆಯೋಲೆಗಳೆಲ್ಲ ಫೋನಿಗೆ ಹೋದ ಮೇಲೆ ಬಾಗಿಲು ಹಾಕಿದೆ. ನಾನಿನ್ನು ಯಾವುದಕ್ಕೂ ಆಗುವವಳಲ್ಲ ಎಂದು ನನಗೇ ಅನಿಸತೊಡಗಿದಾಗ, ಒಬ್ಬ ಪ್ರಕಾಶಕರು ಪುಸ್ತಕಗಳ ಅಕ್ಷರ ಜೋಡಿಸುವ ಕೆಲಸಕ್ಕೆ ಪರೀಕ್ಷೆ ಕೊಡಿ ಎಂದರು. ಸೋಮವಾರ ಹತ್ತು ಗಂಟೆಗೆ ಅವರ ವೆಬ್‌ಸೈಟಿನಲ್ಲೇ ಟೈಪ್ ಮಾಡಿ ತೋರಿಸಬೇಕು. ಫೋನಿನಲ್ಲಿ ಆಗುವಂಥದ್ದಲ್ಲ.

ನನ್ನ ಉತ್ಸಾಹ ನೋಡಿ, ಶನಿವಾರ ಹಳೇ ಲ್ಯಾಪ್‌ಟಾಪನ್ನು ಚೊಕ್ಕ ಮಾಡುತ್ತೇನೆಂದು ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಹೊಸದಾಗಿ ಹಾಕಿದೆ. ನಡುವೆ ಅದು ಯಾವುದೋ ಫೈಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿತು. ಪೂರ್ತಿ ಓದದೆ ಮುಂದೆ ಒತ್ತಿದೆ. ಎಲ್ಲ ಮುಗಿದಾಗ ವೈಫೈ ಮಾಯ. ಒಳಗಿನ ವೈಫೈ ಕಾರ್ಡಿಗೆ ಉಪ್ಪುಗಾಳಿ ಹಿಡಿದಿದೆ ಎಂದು ತೀರ್ಮಾನಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಮುಚ್ಚಳ ಬಿಚ್ಚಿ ಕಾರ್ಡನ್ನು ರಬ್ಬರಿನಿಂದ ತಿಕ್ಕಿದೆ. ತೇವ ಹೀರಲಿ ಎಂದು ಲ್ಯಾಪ್‌ಟಾಪನ್ನೇ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಸಂಜೆ ಅಕ್ಕಿ ತೆಗೆಯಲು ಬಂದ ಅತ್ತೆ ಲ್ಯಾಪ್‌ಟಾಪನ್ನು ಬದಿಗೆ ಸರಿಸಿ ಅಳೆದುಕೊಂಡು ಹೋದರು.

ಭಾನುವಾರ ಲ್ಯಾಪ್‌ಟಾಪನ್ನೂ ಅಳುಮುಖವನ್ನೂ ಹೊತ್ತು, ತ್ರಾಸಿಯಲ್ಲಿ ಬಸ್ಸು ಬದಲಿಸಿ ಗಂಗೊಳ್ಳಿಗೆ ಹೋದೆ. ಬಂದರಿನ ಹತ್ತಿರ ರಾಜೀವಣ್ಣನ ಅಂಗಡಿಯಿದೆ. ದೋಣಿಗಳ ಜಿಪಿಎಸ್ಸು, ಮೀನು ಹುಡುಕುವ ಯಂತ್ರ ರಿಪೇರಿ ಮಾಡುವವರು. ಸ್ಕ್ರೂ ಬಿಚ್ಚುವ ಮೊದಲು ಯಂತ್ರ ತಾನೇ ಏನು ಹೇಳುತ್ತದೆಂದು ಕಾಗದದಲ್ಲಿ ಬರೆದುಕೊಳ್ಳುವುದು ಅವರ ಕ್ರಮ. ನನ್ನ ಉಪ್ಪುಗಾಳಿಯ ಕಥೆಯನ್ನು ಪೂರ್ತಿ ಕೇಳಿದರು, ನಗಲಿಲ್ಲ. ಏನೋ ಟೈಪ್ ಮಾಡಿ, ಪರದೆಯ ಮೇಲೆ ಬಂದ ಸಾಲುಗಳಲ್ಲಿ ಒಂದನ್ನು ಬರೆದುಕೊಂಡರು.

“ಕಾರ್ಡಿಗೆ ಎಂತದೂ ಆಯ್ಲ ಅಕ್ಕ. ಫರ್ಮ್‌ವೇರ್ ಸಿಕ್ಲಿಲ್ಲ ಅಂದ್ ಅದೇ ಹೇಳ್ತಾ ಇತ್ತಲೆ.”

ಕಾರ್ಡನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಪುಟ್ಟ ಫೈಲಂತೆ ಅದು; ಶನಿವಾರ ಇಲ್ಲ ಎಂದದ್ದು ಅದನ್ನೇ. ಅದನ್ನು ತರಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಕಾರ್ಡು ಏಳಬೇಕು. ಮುಗಿಯಿತು ನನ್ನ ಪರೀಕ್ಷೆ ಎಂದುಕೊಂಡೆ. ಅವರು ನನ್ನದೇ ಫೋನನ್ನು ಚಾರ್ಜರಿನ ವಯರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ನೆಟ್ಟು ಆ ವಯರಿನಲ್ಲೇ ಬರುವಂತೆ ಮಾಡಿದರು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

“ನಾ ಮಾಡ್ರೆ ನೀವ್ ಮತ್ತೆ ಇಲ್ಲಿಗೇ ಬರ್ಕ್. ನೀವೇ ಮಾಡಿ.”

ಅವರು ಹೇಳಿದಂತೆ ಟೈಪ್ ಮಾಡಿದೆ. ಎರಡು ಸಲ ತಪ್ಪಿತು, ಮೂರನೆಯ ಸಲ ಫೈಲು ಇಳಿಯಿತು. ಆಫ್ ಮಾಡಿ ಆನ್ ಮಾಡಿದರೆ ಅಂಗಡಿಯ ವೈಫೈ ಹೆಸರು ಕಾಣಿಸಿತು. ಅಷ್ಟರಲ್ಲಿ ದೋಣಿಯವರೊಬ್ಬರು ಬಂದು ಅವಸರ ಮಾಡಿದರು, ನಾನು ಬಸ್ಸಿಗೆ ಓಡಿದೆ. ಅವರಿಗೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲ.

ಪರೀಕ್ಷೆ ಪಾಸಾಯಿತು. ಈಗ ನಾನು ಅಕ್ಷರ ಜೋಡಿಸಿದ ಪುಸ್ತಕಗಳು ಕಪಾಟಿನ ಎರಡು ಸಾಲು ತುಂಬಿವೆ. ವೈಫೈ ಆಮೇಲೂ ಒಂದೆರಡು ಸಲ ಮುನಿಸಿಕೊಂಡಿತು, ನಾನೇ ಸರಿ ಮಾಡಿದೆ. ಅವರು ಅಷ್ಟು ಚೆನ್ನಾಗಿ ಕಲಿಸಿದ್ದರಿಂದಲೇ ಗಂಗೊಳ್ಳಿಗೆ ಹೋಗಲು ಕಾರಣ ಬರಲಿಲ್ಲ ನೋಡಿ.

ಇವತ್ತು ಕಾರಣವಿಲ್ಲದೆಯೇ ಹೋದೆ, ಲ್ಯಾಪ್‌ಟಾಪನ್ನೂ ಹೆಗಲಿಗೆ ಹಾಕಿಕೊಂಡು. ಎಂತ ಹಾಳಾಯ್ತ್ ಎಂದು ಕೇಳಿದರು ರಾಜೀವಣ್ಣ.

“ಎಂತದೂ ಆಯ್ಲ,” ಎಂದೆ. “ಅವತ್ತ್ ನೀವ್ ಕಲ್ಸಿದ್ದಕ್ಕೆ ನಾ ಇವತ್ತ್ ದುಡ್ಕಂಡ್ ಉಂಬುದ್. ಅದನ್ನ್ ಹೇಳುಕ್ ಬಂದೆ.”

ಅವರು ನನ್ನ ಹೆಗಲಿನ ಲ್ಯಾಪ್‌ಟಾಪ್ ಚೀಲದ ಕಡೆ ನೋಡಿದರು.

“ಸಮ ಇದ್ದದ್ದನ್ನ್ ಹಿಡ್ಕಂಡ್ ಇಲ್ಲಿಗೆ ಯಾರೂ ಬತ್ತಿಲ್ಲ ಅಕ್ಕ,” ಎಂದವರು, ಕುರ್ಚಿಯ ಮೇಲಿನ ವಯರುಗಳನ್ನೆಲ್ಲ ನೆಲಕ್ಕಿಳಿಸಿ ನನಗೆ ಕೂರಲು ಜಾಗ ಮಾಡಿದರು.