ಫೋನಿನಲ್ಲಿ ಬಿಟ್ಟ ಜ್ವರ

ತೆರಿಗೆ ಲೆಕ್ಕದ ತಿಂಗಳು ಬಂತೆಂದರೆ ಕಲಬುರಗಿಯ ನಮ್ಮ ಕಚೇರಿಯ ಅಕೌಂಟೆಂಟರ ಮುಂದೆ ನಾವೆಲ್ಲ ರೋಗಿಗಳಂತೆ ಸಾಲುಗಟ್ಟುತ್ತಿದ್ದೆವು. ಔಷಧ-ಇಲಾಜಿನ ಖರ್ಚು ತೋರಿಸಿದರೆ ಅಷ್ಟಕ್ಕೆ ತೆರಿಗೆ ಮಾಫಿ ಸಿಗುತ್ತಿತ್ತು. ಅವರು ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದದ್ದು ಒಂದೇ ಮಾತು: "ಡಾಕ್ಟರ್ ಬರ್ದ ಪರ್ಚಿ ಎಲ್ಲದ್ರಿ?"

ಡಾಕ್ಟರನ್ನು ಫೋನಿನಲ್ಲೇ ಕೇಳಿದೆನೆಂದು ನಾನು ಎಸ್‌ಟಿಡಿ ಬೂತಿನ ಚೀಟಿ ಕೊಟ್ಟಾಗ, "ಇದು ಮಾತಾಡಿದ್ದಕ್ಕ ಅದ, ಇಲಾಜಿಗಲ್ಲ" ಎಂದು ಕೆಂಪು ಶಾಯಿಯಲ್ಲಿ ಗೀಟು ಹೊಡೆದಿದ್ದರು.

ಮುಂದಿನ ವರ್ಷ ಕಮಲಾಪುರದ ಮನೆಯಲ್ಲಿ ಅಕೌಂಟೆಂಟರಿಗೇ ಜ್ವರ ಬಂತು. ಅಂದು ಬಸ್ಸಿರಲಿಲ್ಲ. ಡಾಕ್ಟರು ಫೋನಿನಲ್ಲಿ ಹೇಳಿದ ಗುಳಿಗಿ ನುಂಗಿ ನೆಟ್ಟಗಾದರು. ಪರ್ಚಿ ಕೇಳಿದರೆ ಡಾಕ್ಟರು, "ನಿಮ್ಮನ್ನ ನೋಡೇ ಇಲ್ಲ, ಹ್ಯಾಂಗ ಬರ್ದುಕೊಡ್ಲಿ?" ಎಂದರಂತೆ. ಸರಿ, ಜ್ವರ ಬಿಟ್ಟ ಮೇಲೆ ಕೊರಳಿಗೆ ಮಫ್ಲರ್ ಸುತ್ತಿ, ಬಸ್ಸು ಹತ್ತಿ ಬಂದು, ಫೀಸು ಕೊಟ್ಟು ತೋರಿಸಿಕೊಂಡರು.

ಆ ಪರ್ಚಿಯನ್ನು ಕಚೇರಿಯಲ್ಲಿ ನಮ್ಮೆದುರೇ ಬಿಚ್ಚಿ ಓದಿದರು. ಡಾಕ್ಟರು ಕಂಡದ್ದನ್ನೇ ಬರೆದಿದ್ದರು: ಯಾವ ಕಾಯಿಲೆಯೂ ಇಲ್ಲ.

ಅವರು ಅದೇ ಕೆಂಪು ಪೆನ್ನಿನಿಂದ ಅದಕ್ಕೂ ಗೀಟು ಹೊಡೆದು, ಮಫ್ಲರ್ ಬಿಚ್ಚಿ ಕುರ್ಚಿಗೆ ಹಾಕಿದರು.

"ಆರಾಮ ಇದ್ದವ್ರಿಗೆ ಮಾಫಿ ಇಲ್ರಿ," ಎಂದು ಮುಂದಿನವರನ್ನು ಕರೆದರು.