ತಂಗಿಗೆ ಬೇರೆ ಪಾಠ ಓದಿದ ದಿನ

ನನ್ನ ತಂಗಿಗೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಮಾತ್ರ ಅವಳು ಮರೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಒಲೆಯ ಮುಂದೆ ಕೂತು ನಾನು ಅವಳ ಪಾಠ ಓದಿ, ಆ ಪುಟದ ತುದಿ ಮಡಚಿ ಕೊಡುತ್ತಿದ್ದೆ. ಶಾಲೆಯಲ್ಲಿ ಅವಳು ಆ ಪುಟ ತೆರೆದು, ಸಾಲಿನ ಮೇಲೆ ಬೆರಳಾಡಿಸುತ್ತ, ಕೇಳಿದ್ದನ್ನೆಲ್ಲ ಗಡಗಡ ಹೇಳಿಬಿಡುತ್ತಿದ್ದಳು. ಎಪ್ಪತ್ತರ ದಶಕದ ಮಾನ್ವಿಯಲ್ಲಿ ಅವಳು ಐದನೇ ತರಗತಿಯವರೆಗೆ ಬಂದದ್ದು ಹಾಗೆ. ಗುಟ್ಟು ನಮ್ಮಿಬ್ಬರಿಗೇ ಗೊತ್ತಿತ್ತು.

ಒಂದು ಸಂಜೆ ಅಪ್ಪ ಅವಳ ಓದು ಕೇಳಿ, "ದೊಡ್ಡಾಕಿಗಿಂತ ಸಣ್ಣಾಕಿನ ಚೊಲೊ ಓದತಾಳ," ಎಂದ. ನನ್ನ ಹೊಟ್ಟೆ ಉರಿದುಹೋಯಿತು. ಓದು ನನ್ನದು, ಹೆಸರು ಅವಳದು.

ಮರುದಿನ ಶಾಲೆಗೆ ತನಿಖೆಯ ಸಾಹೇಬರು ಬರುವವರಿದ್ದರು. ಅಂದಿನ ಪಾಠ ಜೇನುಹುಳದ್ದು. ಆ ಪುಟವನ್ನೇ ಮಡಚಿದೆ. ಓದಿದ್ದು ಮಾತ್ರ ಮುಂದಿನ ಇರುವೆಯ ಪಾಠ. ಅವಳು ಕಣ್ಣು ಮುಚ್ಚಿ ಕೇಳಿದಳು. "ಇನ್ನೊಮ್ಮೆ ಓದಕ್ಕಾ," ಎಂದಳು. ಇನ್ನೊಮ್ಮೆಯೂ ಅದನ್ನೇ ಓದಿದೆ.

ನಮ್ಮ ಏಳನೇ ತರಗತಿ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿತ್ತು. ಜೇನುಹುಳದ ಪುಟದ ಮೇಲೆ ಬೆರಳಿಟ್ಟು ಅವಳು ಇರುವೆಯ ಪಾಠವನ್ನು ಒಂದು ತಪ್ಪೂ ಇಲ್ಲದೆ ಒಪ್ಪಿಸಿದಳು. ಸಾಹೇಬರು ನಕ್ಕರು. ಅವರು ನಕ್ಕರೆಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ಮಾಸ್ತರರು ಕಟ್ಟಿಗೆಯ ಪಟ್ಟಿಯಿಂದ ಅವಳ ಬೆರಳ ಗಂಟಿಗೆ ಹೊಡೆದರು.

"ಇಷ್ಟು ವರ್ಷ ನನ್ನ ಕಣ್ಣಾಗ ಮಣ್ಣು ಹಾಕೀಯೇನು?"

ಮನೆಯಲ್ಲಿ ಅಪ್ಪನೂ ಅದನ್ನೇ ಕೇಳಿದ. ಆ ವಾರವೇ ಶಾಲೆ ಬಿಡಿಸಿ ಸೇಂಗಾ ಹೊಲಕ್ಕೆ ಕಳೆ ತೆಗೆಯಲು ಕಳಿಸಿದ. ಅವಳು ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೇಡಿ ನಾನು.

ನಾನು ಓದಿ ಟೀಚರಾದೆ. ತೊಂಬತ್ತರ ದಶಕದಲ್ಲಿ ರಾಯಚೂರಿನ ತರಬೇತಿಯೊಂದರಲ್ಲಿ ಡಾಕ್ಟರೊಬ್ಬರು ಬೋರ್ಡಿನ ಮೇಲೆ ಡಿಸ್ಲೆಕ್ಸಿಯಾ ಎಂದು ಬರೆದರು. ಇಂಥ ಮಕ್ಕಳು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಅವರಿಗೆ ಅಕ್ಷರವನ್ನು ನಿಧಾನವಾಗಿ ಬೇರೆ ರೀತಿಯಲ್ಲಿ ಕಲಿಸಬೇಕು, ಅಲ್ಲಿಯವರೆಗೆ ಯಾರಾದರೂ ಪಾಠ ಓದಿ ಹೇಳುತ್ತಿರಬೇಕು ಎಂದರು. ಎಲ್ಲರೂ ಬರೆದುಕೊಂಡರು.

ಆ ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ತಂಗಿಯನ್ನು ಅಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದರು. ಮೂರನೇ ತರಗತಿಯ ಅವಳ ಮಗಳು ಪುಸ್ತಕ ಹಿಡಿದು ಅಳುತ್ತ ಕೂತಿದ್ದಳು. ಅವಳಿಗೂ ತಾಯಿಯದೇ ತೊಡಕು. ಡಾಕ್ಟರು ಹೇಳಿದ್ದನ್ನೆಲ್ಲ ತಂಗಿಗೆ ಹೇಳಿದೆ.

"ನೀ ದಡ್ಡಿ ಇರಲಿಲ್ಲವ್ವಾ. ಯಾರರ ಓದಿ ಹೇಳಿದ್ರ ಸಾಕಿತ್ತು."

"ಅದು ನನಗ ಆವಾಗನ ಗೊತ್ತಿತ್ತು," ಎಂದಳು, ಜೋಳ ಹಸನು ಮಾಡುತ್ತ. "ಅದಕ್ಕ ನಿನ್ನ ಮುಂದ ಕುಂದರತಿದ್ದೆ."

ನಾನು ಮಗುವಿನ ಪುಸ್ತಕ ತೆಗೆದುಕೊಂಡು ಓದಲು ಬಾಯಿ ತೆರೆದೆ. ತಂಗಿ ಮೊರ ಕೆಳಗಿಟ್ಟು, ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಮಗಳಿಗೆ ಕೊಟ್ಟಳು.

"ಬಾಜು ಮನಿ ಅಕ್ಕನ ಹತ್ರ ಹೋಗಿ ಓದಿಸ್ಕೊಂಡು ಬಾ. ಆಕಿ ಇದ್ದದ್ದು ಇದ್ದಂಗ ಓದತಾಳ."